ಅಮ್ಮಿಗೆ ಶುಗರ್ ಇದೆ, ರಂಜಾನ್ ರೋಜಾ (ಉಪವಾಸ) ಬಿಡಲು ಒಪ್ಪುತ್ತಿಲ್ಲ. ಏನು ಮಾಡಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನಾವು ಕಲಬುರಗಿ ಕಡೆಯವರು. ನಮ್ಮ ಅಮ್ಮಿಗೆ 59 ವರ್ಷ. 12 ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಸೇರಿರುವ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಪಿಗೆ ಬೇರೆ ಮಾತ್ರೆ. ಮೂರು ತಿಂಗಳ ಸರಾಸರಿ ಶುಗರ್ 8.2 ಬಂದಿದೆ. ಕಳೆದ ರಂಜಾನ್‌ನಲ್ಲಿ ಒಂದು ಸಂಜೆ ಐದು ಗಂಟೆಗೆ ಬಜ್ಜಿ ಹಿಟ್ಟು ಕಲಸುತ್ತಾ ಇದ್ದವರು ಮೈಯೆಲ್ಲ ಬೆವತು, ಮಾತು ತೊದಲಿ, ನಮ್ಮನ್ನೇ ಗುರುತಿಸದ ಹಾಗೆ ಮಾಡಿದರು. ಅಣ್ಣ ಹಿಡಿದು ಕೂರಿಸಿ ಶರಬತ್ತು ಕುಡಿಸಿದ. ಸ್ವಲ್ಪ ಹೊತ್ತಿಗೆ ಸರಿಹೋದರು. ಆದರೆ 'ಇನ್ನೊಂದು ತಾಸು ತಡೀಬಾರದಿತ್ತಾ, ನನ್ನ ರೋಜಾ ಕೆಡಿಸಿದ್ರಿ' ಎಂದು ರಾತ್ರಿಯೆಲ್ಲ ಅತ್ತರು. ಈ ಸಲ ನಮ್ಮ ಡಾಕ್ಟರ್ 'ಉಪವಾಸ ಬೇಡವೇ ಬೇಡ' ಎಂದಿದ್ದಾರೆ. ಅಮ್ಮಿ ಕೇಳುತ್ತಿಲ್ಲ. 'ನಲವತ್ತು ವರ್ಷದಿಂದ ಒಂದೂ ಬಿಟ್ಟಿಲ್ಲ, ಈಗ ಬಿಡ್ತೀನಾ?' ಅಂತಾರೆ. ಮನೆಯಲ್ಲಿ ಶುಗರ್ ನೋಡುವ ಮಿಷನ್ ಇದೆ, ಆದರೆ ರಕ್ತ ಬಂದರೆ ರೋಜಾ ಮುರಿಯುತ್ತದೆ ಎಂದು ಬೆರಳು ಚುಚ್ಚಲು ಬಿಡುವುದಿಲ್ಲ. ಉಪವಾಸದಿಂದ ಶುಗರ್ ವಾಸಿಯಾಗುತ್ತದೆ, ಅದಕ್ಕೆ ನೊಬೆಲ್ ಕೂಡ ಸಿಕ್ಕಿದೆ ಎಂದು ಅತ್ತಿಗೆ ಮೊಬೈಲಿನಲ್ಲಿ ಬಂದದ್ದನ್ನು ತೋರಿಸುತ್ತಾರೆ. ಬೇಡ ಎಂದು ಜೋರು ಮಾಡಿದರೆ ಕದ್ದು ರೋಜಾ ಇಡುತ್ತಾರೆ ಎಂಬ ಭಯ ನನಗೆ. ಏನು ಮಾಡಲಿ?

ಉತ್ತರ: ನಿಮ್ಮ ಕೊನೆಯ ಭಯದಿಂದಲೇ ಶುರು ಮಾಡುತ್ತೇನೆ. ಅದೇ ನನಗೂ ದೊಡ್ಡ ಭಯ. ಡಾಕ್ಟರಿಗೆ, ಮನೆಯವರಿಗೆ ಹೇಳದೆ, ಮಾತ್ರೆ ಬದಲಿಸದೆ, ಶುಗರ್ ನೋಡದೆ ಇಡುವ ರೋಜಾದಷ್ಟು ಅಪಾಯದ್ದು ಬೇರೊಂದಿಲ್ಲ. 'ಬೇಡ' ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಎಷ್ಟೋ ಸಲ ಆಗುವುದು ಇದೇ. ತಲೆ ಅಲ್ಲಾಡಿಸಿ ಹೋಗುತ್ತಾರೆ. ರಂಜಾನ್ ಮುಗಿಯುವ ತನಕ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ನಿಮ್ಮ ಡಾಕ್ಟರ್ ಹೇಳಿದ್ದು ತಪ್ಪು ಅಂತ ಅಲ್ಲ. ಕಳೆದ ವರ್ಷ ಆದದ್ದನ್ನು ಕೇಳಿದರೆ ಯಾರೇ ಆದರೂ ಹಾಗೆ ಹೇಳುತ್ತಾರೆ. ಆದರೆ ಅಮ್ಮಿ ಯಾಕೆ ಹಟ ಹಿಡಿದಿದ್ದಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ನಾನು ಶುಗರ್ ರೋಗಿಗಳನ್ನು ನೋಡುವ ಡಾಕ್ಟರ್. ನಾನೂ ರೋಜಾ ಇಡುವವಳು. ಮೊದಲ ಎರಡು ಮೂರು ದಿನ ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತದೆ. ಅದು ಹಸಿವೆಯಿಂದ ಬರುವುದಕ್ಕಿಂತ ಬೆಳಗಿನ ಚಹಾ ತಪ್ಪಿದ್ದಕ್ಕೆ ಬರುವುದು ಜಾಸ್ತಿ. ಆಮೇಲೆ ಮೈ ಒಗ್ಗಿಕೊಳ್ಳುತ್ತದೆ. ನನಗಂತೂ ಹಸಿವೆ ಅಷ್ಟು ಕಾಡುವುದಿಲ್ಲ, ಕಾಡುವುದು ಬಾಯಾರಿಕೆ. ಸಂಜೆಯ ಅಸರ್ ನಮಾಜಿನಿಂದ ಹೊತ್ತು ಮುಳುಗಿದಾಗಿನ ಮಗ್ರಿಬ್ ನಮಾಜಿನ ತನಕದ ಹೊತ್ತು ಸರಿಯುವುದೇ ಇಲ್ಲ. ಆ ಹೊತ್ತಿನಲ್ಲಿ ಎದುರಿಗೆ ಕೂತ ರೋಗಿ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ ಸಿಟ್ಟು ನುಂಗಿಕೊಳ್ಳಬೇಕು. ರೋಜಾ ಇರುವುದು ಅಲ್ಲಿಯೇ. ಹೊಟ್ಟೆ ಖಾಲಿ ಇಟ್ಟುಕೊಳ್ಳುವುದು ಹೇಗೋ ಆಗುತ್ತದೆ, ನಾಲಿಗೆ ಹಿಡಿದಿಟ್ಟುಕೊಳ್ಳುವುದೇ ಕಷ್ಟ. ಇದರ ಜೊತೆಗೆ ಮನೆಮಂದಿಯೆಲ್ಲ ನಸುಕಿನಲ್ಲಿ ಎದ್ದು ಕೂಡಿ ಉಣ್ಣುವುದು, ಅಕ್ಕಪಕ್ಕದ ಮನೆಗೆ ತಟ್ಟೆ ಕಳಿಸುವುದು, ಅಜಾನ್ ಕೂಗುವ ತನಕ ಖಜೂರ್ (ಖರ್ಜೂರ) ಕೈಯಲ್ಲಿ ಹಿಡಿದು ಎಲ್ಲರೂ ಸುಮ್ಮನೆ ಕೂರುವುದು. ನಲವತ್ತು ವರ್ಷ ಅದನ್ನೆಲ್ಲ ಮುಂದೆ ನಿಂತು ನಡೆಸಿದವರಿಗೆ 'ನೀವು ಊಟ ಮಾಡಿ ಮಲಗಿ' ಅಂದರೆ ಮನೆಯಿಂದ ಹೊರಗೆ ಹಾಕಿದ ಹಾಗೆ ಅನ್ನಿಸುತ್ತದೆ. ಅಮ್ಮಿ ಅತ್ತದ್ದು ಒಂದು ಲೋಟ ಶರಬತ್ತಿಗಾಗಿ ಅಲ್ಲ.

ಆದರೆ 'ನಲವತ್ತು ವರ್ಷದಿಂದ ಒಂದೂ ಬಿಟ್ಟಿಲ್ಲ' ಅನ್ನುವ ಮಾತನ್ನು ಅಮ್ಮಿಯ ಪಕ್ಕ ಕೂತು, ನಗುನಗುತ್ತಾ, ಸ್ವಲ್ಪ ಬಿಡಿಸಿ ನೋಡಿ. ಗಂಡಸರು ಈ ಮಾತು ಹೇಳಿದರೆ ನಂಬಬಹುದು. ಹೆಂಗಸರು? ತಿಂಗಳ ಮುಟ್ಟಿನ ದಿನಗಳಲ್ಲಿ ರೋಜಾ ಇಲ್ಲ. ಬಾಣಂತನದಲ್ಲಿ ಇಲ್ಲ. ಬಸುರಿ ಇದ್ದಾಗ, ಎದೆಹಾಲು ಕೊಡುವಾಗ ತೊಂದರೆ ಆದೀತು ಅನ್ನಿಸಿದರೆ ಬಿಡಬಹುದು. ಹಾಗೆ ಬಿಟ್ಟದ್ದನ್ನು ಅಮ್ಮಿ ಆಮೇಲೆ ಬೇರೆ ದಿನಗಳಲ್ಲಿ ಕಜಾ ಎಂದು ಒಂದೊಂದಾಗಿ ತೀರಿಸಿರುತ್ತಾರೆ. ಪ್ರತಿ ರಂಜಾನ್‌ನಲ್ಲೂ ಐದಾರು ದಿನ ರೋಜಾ ಇಲ್ಲದೆಯೇ ಇದ್ದರು, ಮನೆಯವರಿಗೆಲ್ಲ ಅಡುಗೆ ಮಾಡಿ ಹಾಕಿದರು. ಅವರ ಈಮಾನಿಗೆ, ಅಂದರೆ ನಂಬಿಕೆಗೆ, ಆಗ ಏನೂ ಕಡಿಮೆ ಆಗಲಿಲ್ಲ. ಮೈಯ ಸ್ಥಿತಿ ನೋಡಿ ರೋಜಾ ಬಿಡುವುದು ಅಮ್ಮಿಗೆ ಹೊಸದಲ್ಲ. ಕಾರಣ ಮಾತ್ರ ಹೊಸದು. ಈ ಮಾತು ನಾನು ಹೆಂಗಸರಿಗೆ ಹೇಳಿದಾಗ ಮೊದಲು ನಾಚುತ್ತಾರೆ, ಆಮೇಲೆ 'ಹೌದಲ್ಲ' ಅಂತಾರೆ.

ಕುರ್‌ಆನಿನಲ್ಲಿ ರೋಜಾ ಬಗ್ಗೆ ಹೇಳುವುದು ಎರಡನೇ ಅಧ್ಯಾಯದ 183ರಿಂದ 185ನೇ ವಚನಗಳಲ್ಲಿ. ರೋಜಾ ಇಡಿ ಎಂದು ಹೇಳಿದ ಜಾಗದಲ್ಲೇ ಕಾಯಿಲೆ ಇರುವವರು, ಪ್ರಯಾಣದಲ್ಲಿ ಇರುವವರು ಬೇರೆ ದಿನಗಳಲ್ಲಿ ಪೂರೈಸಲಿ ಎಂದೂ ಇದೆ. ಅಲ್ಲಾಹ್ ನಿಮಗೆ ಬಯಸುವುದು ಸುಲಭವನ್ನು, ಕಷ್ಟವನ್ನಲ್ಲ ಎಂಬ ಮಾತೂ ಅಲ್ಲಿಯೇ ಬರುತ್ತದೆ. ಮುಂದೆ ಇಡಲು ಆಗುವ ಹಾಗಿದ್ದರೆ ಕಜಾ. ವಾಸಿಯಾಗದ ಕಾಯಿಲೆ ಇದ್ದು ಇನ್ನು ಸಾಧ್ಯವೇ ಇಲ್ಲ ಎಂದಾದರೆ ಫಿದ್ಯಾ, ಅಂದರೆ ಬಿಟ್ಟ ಒಂದೊಂದು ದಿನಕ್ಕೆ ಒಬ್ಬ ಬಡವರಿಗೆ ಊಟ. ನಾನು ಮೌಲ್ವಿ ಅಲ್ಲ, ಅಮ್ಮಿಯ ವಿಷಯಕ್ಕೆ ಯಾವುದು ಹೊಂದುತ್ತದೆ ಎಂದು ನಿಮ್ಮ ಮಸೀದಿಯ ಇಮಾಮ್ ಸಾಹೇಬರನ್ನೇ ಕೇಳಿ. ಕೇಳುವಾಗ 'ಅಮ್ಮಿಗೆ ಶುಗರ್ ಇದೆ' ಎಂದಷ್ಟೇ ಹೇಳಬೇಡಿ. ಕಳೆದ ವರ್ಷ ಎಚ್ಚರ ತಪ್ಪುವ ಹಾಗಾಗಿತ್ತು ಎಂದು ಹೇಳಿ, ಡಾಕ್ಟರ್ ಬರೆದುಕೊಟ್ಟ ಚೀಟಿ ತೋರಿಸಿ. ಡಾಕ್ಟರ್ ಬೇಡ ಅಂದಾಗ ಒಪ್ಪದ ಎಷ್ಟೋ ಹಿರಿಯರು ಇಮಾಮರು ಅದೇ ಮಾತು ಹೇಳಿದಾಗ ಒಪ್ಪಿದ್ದನ್ನು ನೋಡಿದ್ದೇನೆ.

ಇನ್ನು ಬೆರಳು ಚುಚ್ಚುವ ವಿಷಯ. ಈ ಗೊಂದಲ ಎಲ್ಲಿಂದ ಬಂತು ಎಂದು ನನಗೆ ಗೊತ್ತು. ರಕ್ತ ಹರಿದರೆ ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧವಾದದ್ದು, ಹೋಗುತ್ತದೆ ಎಂದು ನಮ್ಮ ಕಡೆ ಚಿಕ್ಕಂದಿನಿಂದ ಕಲಿಸುತ್ತಾರೆ. ಜನ ಅದನ್ನೇ ರೋಜಾಕ್ಕೂ ಅಂಟಿಸಿಬಿಟ್ಟಿದ್ದಾರೆ. ನಮಾಜಿಗೆ ಮುಂಚೆ ಮತ್ತೆ ವುಜೂ ಮಾಡಿಕೊಂಡರೆ ಆಯಿತು. ಒಂದು ಹನಿ ರಕ್ತ ತೆಗೆದು ಶುಗರ್ ನೋಡಿದ್ದಕ್ಕೆ ರೋಜಾ ಮುರಿಯುವುದಿಲ್ಲ. ಇನ್ಸುಲಿನ್ ಚುಚ್ಚಿಕೊಂಡರೂ ಮುರಿಯುವುದಿಲ್ಲ ಎಂದೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಇದನ್ನು ಅಮ್ಮಿ ಒಪ್ಪದೆ ಮುಂದಿನ ಯಾವ ಮಾತೂ ಬೇಡ. ಯಾಕೆ ಅಂದರೆ ಶುಗರ್ ನೋಡಿಕೊಳ್ಳದೆ ರೋಜಾ ಇಡಿ ಎಂದು ನಾನಂತೂ ಯಾರಿಗೂ ಹೇಳುವುದಿಲ್ಲ.

ನೊಬೆಲ್ ವಿಷಯ ಅರ್ಧ ನಿಜ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಜೀವಕೋಶಗಳು ತಮ್ಮೊಳಗಿನ ಹಳೆಯ, ಕೆಟ್ಟ ಭಾಗಗಳನ್ನು ಒಡೆದು ಮತ್ತೆ ಬಳಸಿಕೊಳ್ಳುವುದು ಹೇಗೆ ಅನ್ನುವುದನ್ನು ಅವರು ಕಂಡುಹಿಡಿದರು. ಆ ಮುಖ್ಯ ಪ್ರಯೋಗಗಳು ನಡೆದದ್ದು ಯೀಸ್ಟ್ ಮೇಲೆ, ಅಂದರೆ ಬ್ರೆಡ್ಡಿನ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿಯ ಮೇಲೆ. ರೋಜಾ ಇಟ್ಟ ಶುಗರ್ ರೋಗಿಗಳ ಮೇಲೆ ಅಲ್ಲ. ಉಪವಾಸದಲ್ಲಿ ಒಟ್ಟು ತಿನ್ನುವುದು ಕಡಿಮೆಯಾಗಿ ತೂಕ ಇಳಿದರೆ ಶುಗರ್ ಸ್ವಲ್ಪ ಹತೋಟಿಗೆ ಬರುವುದು ನಿಜ. ಆದರೆ ನಮ್ಮ ಮನೆಗಳಲ್ಲಿ ರಂಜಾನ್‌ನಲ್ಲಿ ಎಣ್ಣೆ ಡಬ್ಬಿ ಬೇಗ ಖಾಲಿಯಾಗುತ್ತದೆಯೇ ಹೊರತು ಉಳಿಯುವುದಿಲ್ಲ. 12 ವರ್ಷದ ಶುಗರ್ ಮೂವತ್ತು ರೋಜಾದಿಂದ ವಾಸಿಯಾಗುವುದಿಲ್ಲ. ಅತ್ತಿಗೆಗೆ ಮೆತ್ತಗೆ ಹೇಳಿ.

ಕಳೆದ ವರ್ಷ ಆ ಸಂಜೆ ಏನಾಯಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ನಸುಕಿನ ಸಹರಿ ಊಟ ಕೆಲವು ಗಂಟೆಯಲ್ಲಿ ಕರಗುತ್ತದೆ. ಆಮೇಲೆ ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ, ಜೊತೆಗೆ ಮೈ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಆರೋಗ್ಯವಂತರಲ್ಲಿ ಶುಗರ್ ಇಳಿಯುತ್ತಾ ಬಂದ ಹಾಗೆ ಇನ್ಸುಲಿನ್ ಕೂಡ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೇ ನಿಮಗೆ, ನಿಮ್ಮ ಅಣ್ಣನಿಗೆ ಸುಸ್ತು ಬಿಟ್ಟರೆ ಬೇರೇನೂ ಆಗುವುದಿಲ್ಲ. ಅಮ್ಮಿಯ ಮಾತ್ರೆಯಲ್ಲಿರುವ ಗ್ಲಿಮಿಪಿರೈಡ್ ಈ ವ್ಯವಸ್ಥೆಗೆ ಅಡ್ಡ ಬರುತ್ತದೆ. ಹೊಟ್ಟೆಗೆ ಅನ್ನ ಬಿತ್ತೋ ಇಲ್ಲವೋ ನೋಡದೆ ಅದು ಇನ್ಸುಲಿನ್ ಹೊರಗೆ ತಳ್ಳುತ್ತದೆ. ಬಾವಿಯಲ್ಲಿ ನೀರಿಲ್ಲದಿದ್ದರೂ ಸ್ವಿಚ್ ಹಾಕಿದ ಪಂಪ್‌ಸೆಟ್ ಓಡುತ್ತಲೇ ಇರುವ ಹಾಗೆ. ಅದರ ಕೆಲಸ ದಿನವಿಡೀ ನಡೆಯುತ್ತದೆ. ಅಮ್ಮಿ ಬೆಳಗಿನ ಮಾತ್ರೆಯನ್ನು ಹಾಗೇ ಸಹರಿಗೆ ನುಂಗಿರಬೇಕು. ಹೊಟ್ಟೆಗೆ ಹಾಕಿಕೊಂಡದ್ದು ಚಹಾ, ಎರಡು ಬಿಸ್ಕತ್ತು, ಅರ್ಧ ರೊಟ್ಟಿ ಇರಬಹುದು. ನಾಲ್ಕೂವರೆಗೆ ಎದ್ದು ಹೊಟ್ಟೆ ತುಂಬ ಉಣ್ಣಲು ಅವರ ವಯಸ್ಸಿನ ಹೆಂಗಸರಿಗೆ ಆಗುವುದಿಲ್ಲ. ಮಧ್ಯಾಹ್ನವೆಲ್ಲ ಕೆಲಸ, ಸಂಜೆ ಒಲೆ ಮುಂದೆ ನಿಲ್ಲುವುದು. ಐದು ಗಂಟೆಗೆ ಶುಗರ್ ನೆಲ ಮುಟ್ಟಿತು.

ಬೆವರು, ಕೈನಡುಕ, ಎದೆ ಡವಡವ ಮೊದಲು ಬರುತ್ತವೆ. ಆಗಲೂ ಏನೂ ತಿನ್ನದಿದ್ದರೆ ಮಾತು ತೊದಲುತ್ತದೆ, ಗುರುತು ತಪ್ಪುತ್ತದೆ, ಫಿಟ್ಸ್ ಬರಬಹುದು, ಪ್ರಜ್ಞೆ ಹೋಗಬಹುದು. ನಿಮ್ಮ ಅಣ್ಣ ಮಾಡಿದ್ದು ನೂರಕ್ಕೆ ನೂರು ಸರಿ, ಅವರಿಗೆ ಹೇಳಿ. ಇನ್ನೊಬ್ಬರು ಬಂದು ಕುಡಿಸಬೇಕಾದಂಥ ಲೋ ಶುಗರ್ ಅಂದರೆ ನಾವು ಅದನ್ನು ತೀವ್ರ ಎಂದೇ ಲೆಕ್ಕ ಹಾಕುತ್ತೇವೆ. 2001ರ ರಂಜಾನ್ ಹೊತ್ತಿಗೆ ಭಾರತವೂ ಸೇರಿ 13 ದೇಶಗಳ 12,000ಕ್ಕೂ ಹೆಚ್ಚು ಶುಗರ್ ರೋಗಿಗಳನ್ನು ವಿಚಾರಿಸಿ ಮಾಡಿದ ಎಪಿಡಿಯಾರ್ ಎಂಬ ದೊಡ್ಡ ಅಧ್ಯಯನವಿದೆ. ಅಮ್ಮಿಯಂಥ ಟೈಪ್ 2 ರೋಗಿಗಳಲ್ಲಿ ತೀವ್ರ ಲೋ ಶುಗರ್ ಬೇರೆ ತಿಂಗಳುಗಳಿಗಿಂತ ರಂಜಾನ್‌ನಲ್ಲಿ ಏಳೂವರೆ ಪಟ್ಟು ಜಾಸ್ತಿ ಇತ್ತು. ಶುಗರ್ ವಿಪರೀತ ಏರಿದ್ದು ಸುಮಾರು ಐದು ಪಟ್ಟು. ಅವೆಲ್ಲ ಹಳೆಯ ಮಾತ್ರೆಗಳ ಕಾಲದ ಲೆಕ್ಕ, ಈಗ ಪರಿಸ್ಥಿತಿ ಸುಧಾರಿಸಿದೆ. ಆದರೆ ಅಮ್ಮಿ ತಗೊಳ್ಳುತ್ತಿರುವುದು ಆ ಹಳೆಯ ಗುಂಪಿಗೇ ಸೇರಿದ ಮಾತ್ರೆ ಅನ್ನುವುದು ನೆನಪಿರಲಿ.

ಶುಗರ್ ಏರುವುದನ್ನೂ ಹೇಳಿಬಿಡುತ್ತೇನೆ. ಏನೂ ತಿನ್ನುವುದಿಲ್ಲ, ಮತ್ತೆ ಮಾತ್ರೆ ಯಾಕೆ ಎಂದು ತಿಂಗಳಿಡೀ ಮಾತ್ರೆ ನಿಲ್ಲಿಸುವವರು ಇದ್ದಾರೆ. ಸಂಜೆ ರೋಜಾ ಮುಗಿಸುವ ಇಫ್ತಾರಿಗೆ ಶರಬತ್ತು, ಸಮೋಸ, ಬಜ್ಜಿ, ಆಮೇಲೆ ಬಿರಿಯಾನಿ. ರಾತ್ರಿ ಹನ್ನೊಂದಕ್ಕೆ ಶುಗರ್ 350 ದಾಟಿರುತ್ತದೆ. ಕುಡಿದ ನೀರೆಲ್ಲ ಮೂತ್ರದಲ್ಲಿ ಹೋಗುತ್ತದೆ. ಮರುದಿನ ಬಾಯಾರಿಕೆ, ಸುಸ್ತು. ಅದನ್ನು ರೋಜಾ ತಲೆ ಮೇಲೆ ಹಾಕುತ್ತಾರೆ.

ಹಾಗಾದರೆ ಅಮ್ಮಿ ಇಡಬಹುದೋ ಬಾರದೋ? ಅಂತರರಾಷ್ಟ್ರೀಯ ಡಯಾಬಿಟಿಸ್ ಫೆಡರೇಶನ್ ರಂಜಾನ್‌ಗಾಗಿಯೇ ಒಂದು ಅಂಕಪಟ್ಟಿ ಮಾಡಿದೆ. ಎಷ್ಟು ವರ್ಷದ ಶುಗರ್, ಸರಾಸರಿ ಎಷ್ಟು, ಯಾವ ಔಷಧ, ಲೋ ಶುಗರ್ ಆಗಿತ್ತಾ, ಕಿಡ್ನಿ ಹೇಗಿದೆ, ಹಿಂದಿನ ರಂಜಾನ್ ಹೇಗೆ ಹೋಯಿತು, ಇಂಥವಕ್ಕೆಲ್ಲ ಅಂಕ ಕೊಡುತ್ತಾರೆ. ಮೂರರವರೆಗೆ ಕಡಿಮೆ ಅಪಾಯ, ಮೂರೂವರೆಯಿಂದ ಆರು ಮಧ್ಯಮ, ಆರು ದಾಟಿದರೆ ಉಪವಾಸ ಬೇಡ. ಆ ಪಟ್ಟಿಯಲ್ಲಿ ಮನೆಯಲ್ಲಿ ಶುಗರ್ ನೋಡಿಕೊಳ್ಳದೆ ಇರುವುದಕ್ಕೂ ಅಂಕ ಇದೆ. ನಿಮ್ಮ ಪತ್ರದಲ್ಲಿರುವಷ್ಟನ್ನೇ ಹಿಡಿದರೂ ಅಮ್ಮಿ ಕಡಿಮೆ ಅಪಾಯದ ಗುಂಪಿನಲ್ಲಿ ಇಲ್ಲ. ಇನ್ನೂ ಮೇಲೆ ಹೋಗುತ್ತಾರಾ ಅನ್ನುವುದು ನೀವು ಬರೆಯದೇ ಇರುವ ಒಂದು ವಿಷಯದ ಮೇಲೆ ನಿಂತಿದೆ. ಅದು ಕಿಡ್ನಿ.

ಕ್ರಿಯಾಟಿನಿನ್ ಪರೀಕ್ಷೆ ಕೊನೆಗೆ ಯಾವಾಗ ಮಾಡಿಸಿದಿರಿ? 12 ವರ್ಷದ ಶುಗರ್, ಜೊತೆಗೆ ಬಿಪಿ ಇರುವವರಲ್ಲಿ ಕಿಡ್ನಿ ಸದ್ದಿಲ್ಲದೆ ಸೋಲುತ್ತಾ ಹೋಗಬಹುದು. ಕಿಡ್ನಿ ನಿಧಾನವಾದರೆ ಗ್ಲಿಮಿಪಿರೈಡ್ ಮೈಯಿಂದ ಬೇಗ ಹೊರಗೆ ಹೋಗುವುದಿಲ್ಲ. ಅದೇ ಮಾತ್ರೆ ಎರಡು ಮಾತ್ರೆಯ ಕೆಲಸ ಮಾಡುತ್ತದೆ. ಕಳೆದ ವರ್ಷದ ಲೋ ಶುಗರಿಗೆ ಇದೂ ಕಾರಣ ಇದ್ದಿರಬಹುದು. ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಒಂದು ಇಸಿಜಿ, ಇಷ್ಟು ಮೊದಲು ಮಾಡಿಸಿ. ಕಿಡ್ನಿ ಸಾಕಷ್ಟು ಸೋತಿದ್ದರೆ ಅಥವಾ ಹೃದಯದ ತೊಂದರೆ ಕಂಡರೆ ನನ್ನ ಉತ್ತರ ನಿಮ್ಮ ಡಾಕ್ಟರ್ ಹೇಳಿದ್ದೇ: ಇಡುವುದು ಬೇಡ. ಅಲ್ಲಿ ಚೌಕಾಸಿ ಇಲ್ಲ.

ವರದಿ ಚೆನ್ನಾಗಿ ಬಂದರೆ ಮಾತ್ರ ದಾರಿ ಇದೆ. ಆಗಲೂ ಈಗಿನ ಮಾತ್ರೆಯಲ್ಲಿ, ಈಗಿನ ಲೆಕ್ಕದಲ್ಲಿ ಅಲ್ಲ. ಮೆಟ್‌ಫಾರ್ಮಿನ್ ಒಂದೇ ಲೋ ಶುಗರ್ ಮಾಡುವುದು ತೀರಾ ಅಪರೂಪ, ಅದನ್ನು ಇಫ್ತಾರಿಗೆ, ಸಹರಿಗೆ ಹಂಚಬಹುದು. ಗ್ಲಿಮಿಪಿರೈಡ್ ಬಿಡಿಸಿ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಥರದ ಮಾತ್ರೆಗೆ ಬದಲಿಸುವುದು ಒಂದು ಉಪಾಯ. ಊಟ ಮಾಡಿದಾಗ ಜಾಸ್ತಿ, ಮಾಡದಾಗ ಕಡಿಮೆ ಕೆಲಸ ಮಾಡುವ ಔಷಧಗಳವು, ಈಗ ಬೆಲೆಯೂ ಇಳಿದಿದೆ. ಗ್ಲಿಮಿಪಿರೈಡ್ ಬಿಡಲು ಆಗುವುದಿಲ್ಲ ಎಂದಾದರೆ ಮುಖ್ಯ ಡೋಸನ್ನು ಇಫ್ತಾರಿಗೆ ತಂದು, ಸಹರಿಯದನ್ನು ತಗ್ಗಿಸುತ್ತಾರೆ ಅಥವಾ ತೆಗೆದೇ ಬಿಡುತ್ತಾರೆ. ಆದರೆ ಅಮ್ಮಿ ತಗೊಳ್ಳುವುದು ಎರಡೂ ಸೇರಿದ ಮಾತ್ರೆ. ನೀವೇ ಅರ್ಧ ಮುರಿದು ಕೊಡಲು ಹೋಗಬೇಡಿ, ಬೇರೆ ಬೇರೆ ಮಾಡಿ ಬರೆಸಿಕೊಳ್ಳಿ. ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆಯನ್ನು ರಂಜಾನ್ ಎದುರಿಗೆ ಹೊಸದಾಗಿ ಶುರು ಮಾಡುವುದು ನನಗೆ ಇಷ್ಟವಿಲ್ಲ, ನೀರು ಕಡಿಮೆಯಾಗುವ ಭಯ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿದೆಯಾ ಎಂದೂ ಕೇಳಿ. ಇದ್ದರೆ ಅದನ್ನು ಸಹರಿಗೆ ಕೊಡುವುದು ಸರಿಯಲ್ಲ.

ಈ ಬದಲಾವಣೆ ಚಂದ್ರ ಕಂಡ ರಾತ್ರಿ ಮಾಡುವ ಕೆಲಸ ಅಲ್ಲ. ಆರರಿಂದ ಎಂಟು ವಾರ ಮುಂಚೆಯೇ ಶುರುವಾಗಬೇಕು. ರಂಜಾನ್‌ಗೆ ಎರಡು ತಿಂಗಳು ಮುಂಚಿನ ರಜಬ್‌ನಲ್ಲೇ ಡಾಕ್ಟರ್ ಹತ್ತಿರ ಹೋಗಿ. ಹೊಸ ಮಾತ್ರೆಗೆ ಮೈ ಒಗ್ಗಿದ ಮೇಲೆ ರಂಜಾನ್‌ಗೆ ಹಿಂದಿನ ಶಾಬಾನ್ ತಿಂಗಳಲ್ಲಿ ಒಂದು ರೋಜಾ ಇಟ್ಟು ನೋಡಲಿ. ಶಬ್-ಎ-ಬರಾತ್ ಮರುದಿನ ಬಹಳ ಜನ ಹೇಗಿದ್ದರೂ ಇಡುತ್ತಾರೆ, ಅಮ್ಮಿಯೂ ಇಡುವವರೇ ಇರಬೇಕು. ಅವತ್ತು ಸಹರಿಗೆ ಮುಂಚೆ, ಬೆಳಿಗ್ಗೆ, ಮಧ್ಯಾಹ್ನ, ಅಸರ್ ಹೊತ್ತಿಗೆ, ಇಫ್ತಾರಿಗೆ ಮುಂಚೆ, ಇಫ್ತಾರ್ ಆಗಿ ಎರಡು ತಾಸಿಗೆ ಶುಗರ್ ನೋಡಿ ಬರೆದಿಡಿ. ಆ ಒಂದು ಹಾಳೆ ಡಾಕ್ಟರಿಗೆ ಬೇಕಾದುದನ್ನೆಲ್ಲ ಹೇಳುತ್ತದೆ. ರಂಜಾನ್ ಶುರುವಾದ ಮೇಲೂ ಮೊದಲ ವಾರ ಹೀಗೇ ನೋಡಿ. ಎಲ್ಲ ಸಮ ಇದ್ದರೆ ಆಮೇಲೆ ಮಧ್ಯಾಹ್ನ ಮತ್ತು ಅಸರ್ ಹೊತ್ತಿನದು ಸಾಕು.

ಯಾವಾಗ ರೋಜಾ ಬಿಡಬೇಕು ಅನ್ನುವುದನ್ನು ಮಾತ್ರ ಮೊದಲೇ, ಹೊಟ್ಟೆ ತುಂಬಿದ್ದಾಗ, ತಲೆ ನೆಟ್ಟಗಿದ್ದಾಗ ಒಪ್ಪಿಸಿಕೊಳ್ಳಿ. 70ಕ್ಕಿಂತ ಕೆಳಗೆ ಬಂದರೆ ಬಿಡಬೇಕು. 300 ದಾಟಿದರೂ ಬಿಡಬೇಕು. ನಂಬರ್ ಏನೇ ಇರಲಿ, ಬೆವರು, ನಡುಕ, ಮಂಪರು ಬಂದರೆ ಬಿಡಬೇಕು. ಇಫ್ತಾರಿಗೆ ಹತ್ತೇ ನಿಮಿಷ ಇದ್ದರೂ ಬಿಡಬೇಕು. 'ಇನ್ನೇನು ಅಜಾನ್ ಆಗುತ್ತೆ' ಎಂದು ಕಾಯುತ್ತಾ ಕೂತವರನ್ನೇ ಆ ಹೊತ್ತಿನಲ್ಲಿ ಎಮರ್ಜೆನ್ಸಿಗೆ ತರುವುದು. ಲೋ ಶುಗರ್ ಆದವರಿಗೆ ತಮಗೆ ಲೋ ಶುಗರ್ ಆಗಿದೆ ಎಂದು ತೀರ್ಮಾನ ಮಾಡುವ ಬುದ್ಧಿ ಆಗ ಇರುವುದಿಲ್ಲ. ಹಾಗಾಗಿ ತೀರ್ಮಾನ ಮನೆಯವರದು, ಅದಕ್ಕೆ ಅಮ್ಮಿಯ ಒಪ್ಪಿಗೆ ಮೊದಲೇ ಇರಲಿ. ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಶುಗರ್ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಿ. ಸರಿಯಾದ ಮೇಲೆ ಊಟ ಮಾಡಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರುಗಟ್ಟುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ನನ್ನ ಹತ್ತಿರ ಬರುವ ಒಬ್ಬ ವಯಸ್ಸಾದ ದರ್ಜಿ ತಮ್ಮ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ಶುಗರ್ ಬರೆದುಕೊಳ್ಳುತ್ತಾರೆ. ಮುಂದಿನ ಪುಟಗಳಲ್ಲಿ ಹಬ್ಬದ ಕುರ್ತಾಗಳ ಎದೆ, ತೋಳು. ಹಿಂದಿನ ಪುಟದಲ್ಲಿ ಫಜರ್, ಜೊಹರ್, ಅಸರ್ ಎಂದು ನಮಾಜಿನ ಹೊತ್ತಿಗೆ ಒಂದರಂತೆ ಮೂರು ಸಾಲು ಎಳೆದಿದ್ದರು. ಒಂದು ದಿನದ ಅಸರ್ ಎದುರಿಗೆ 64, ಪಕ್ಕದಲ್ಲಿ 'ಖಜೂರ್ ತಿಂದೆ'. ಬೇರೆ ಏನೂ ಇಲ್ಲ. ಮರುದಿನದಿಂದ ಮತ್ತೆ ರೋಜಾ. ನಮಗೆ ಬೇಕಾದ್ದು ಇಂಥ ರೋಗಿ ನೋಡಿ.

ಊಟದ ವಿಷಯದಲ್ಲಿ ಧರ್ಮಕ್ಕೂ ವೈದ್ಯಕ್ಕೂ ಜಗಳವೇ ಇಲ್ಲ. ಸಹರಿಯನ್ನು ಆದಷ್ಟು ತಡವಾಗಿ, ಇಫ್ತಾರನ್ನು ಹೊತ್ತಾದ ಕೂಡಲೇ ಮಾಡುವುದು ಸುನ್ನತ್, ಅಂದರೆ ಪ್ರವಾದಿಯವರ ರೂಢಿ. ನಾವು ಹೇಳುವುದೂ ಅದೇ. ರಾತ್ರಿ ಹನ್ನೆರಡಕ್ಕೇ ಉಂಡು ಮಲಗಿ ನೇರ ರೋಜಾ ಶುರು ಮಾಡುವ ಅಭ್ಯಾಸ ಶುಗರ್ ಇರುವವರಿಗೆ ಆಗಲೇ ಬಾರದು. ಸಹರಿಗೆ ಜೋಳದ ರೊಟ್ಟಿ, ನಮ್ಮ ತೊಗರಿ ಬೇಳೆ, ಮೊಟ್ಟೆ ಅಥವಾ ಖೀಮಾ, ಮೊಸರು ಇರಲಿ. ಖಿಚಡಿ-ಖೀಮಾ-ಖಟ್ಟಾ ಮನೆಯಲ್ಲಿ ಮಾಡುತ್ತೀರಾದರೆ ಖಿಚಡಿ ಕಡಿಮೆ, ಖೀಮಾ ಜಾಸ್ತಿ ಬಡಿಸಿ. ಉಪ್ಪಿನಕಾಯಿ, ಹಪ್ಪಳ ಸಹರಿಗೆ ಬೇಡ, ದಿನವಿಡೀ ನಾಲಿಗೆ ಒಣಗುತ್ತದೆ. ಇಫ್ತಾರಿಗೆ ಒಂದು ಖಜೂರ್, ನೀರು. ಖಜೂರ್ ಒಳ್ಳೆಯದು ಎಂದು ಎಣಿಕೆ ಇಲ್ಲದೆ ತಿನ್ನಬಾರದು. ದೊಡ್ಡ ಮೆಡ್ಜೂಲ್ ಖಜೂರ್ ಒಂದರಲ್ಲೇ ಸುಮಾರು 16 ಗ್ರಾಂ ಸಕ್ಕರೆ ಇರುತ್ತದೆ. ಶರಬತ್ತಿನ ಬದಲು ಮಜ್ಜಿಗೆ ಅಥವಾ ಸಕ್ಕರೆ ಹಾಕದ ನಿಂಬೆ ನೀರು. ಬಜ್ಜಿ ಬೇಡವೇ ಬೇಡ ಅಂದರೆ ನನ್ನ ಮನೆಯಲ್ಲೇ ಕೇಳುವುದಿಲ್ಲ, ಹಾಗಾಗಿ ಒಂದು ಸಾಕು ಅನ್ನುತ್ತೇನೆ. ಮಗ್ರಿಬ್ ನಮಾಜ್ ಮುಗಿಸಿ ಆಮೇಲೆ ಊಟಕ್ಕೆ ಕೂತರೆ ತಿನ್ನುವುದು ತಾನಾಗಿ ಕಡಿಮೆಯಾಗುತ್ತದೆ. ನೀರನ್ನು ಇಫ್ತಾರಿನಿಂದ ಸಹರಿ ತನಕ ಹಂಚಿಕೊಂಡು ಕುಡಿಯಲಿ. ರಂಜಾನ್ ರಾತ್ರಿಯ ತರಾವೀಹ್ ನಮಾಜಿನಲ್ಲಿ ಇಪ್ಪತ್ತು ರಕಾತ್ (ಸುತ್ತು) ನಿಂತು ಬಗ್ಗಿ ಏಳುವುದೇ ವ್ಯಾಯಾಮ, ಬೇರೆ ವಾಕಿಂಗ್ ಬೇಡ.

ಇನ್ನೊಂದು ದಾರಿ ಇದೆ. ಮೂವತ್ತೂ ಇಡುವುದು, ಇಲ್ಲವೇ ಒಂದೂ ಇಡದಿರುವುದು ಎಂದೇ ಯಾಕೆ ಯೋಚಿಸಬೇಕು? ದಿನ ಬಿಟ್ಟು ದಿನ, ಅಥವಾ ವಾರಕ್ಕೆ ಎರಡು ಮಾತ್ರ ಇಟ್ಟು, ಉಳಿದದ್ದಕ್ಕೆ ಕಜಾನೋ ಫಿದ್ಯಾನೋ ಇಮಾಮರು ಹೇಳಿದ ಹಾಗೆ ಮಾಡುವವರು ನನ್ನ ರೋಗಿಗಳಲ್ಲಿದ್ದಾರೆ. ಕಜಾ ಇಡಲು ಡಿಸೆಂಬರ್ ಒಳ್ಳೆಯದು. ನಮ್ಮ ಕಡೆ ಆಗ ರೋಜಾ ಹನ್ನೆರಡೂವರೆ ತಾಸಿನ ಆಸುಪಾಸು, ಬಿಸಿಲೂ ಇಲ್ಲ. ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2018ರಲ್ಲಿ ಮೇ-ಜೂನ್‌ನಲ್ಲಿ ಬಂದಿತ್ತು, ಕಲಬುರಗಿಯ ಆ ಬಿಸಿಲಿನಲ್ಲಿ ಗಟ್ಟಿ ಆಳುಗಳೂ ಸೋತಿದ್ದರು. 2026ರಲ್ಲಿ ಫೆಬ್ರವರಿಯಲ್ಲೇ ಶುರು, ಮುಂದಿನ ಕೆಲವು ವರ್ಷ ಚಳಿಗಾಲದ ಕಡೆಗೇ ಹೋಗುತ್ತದೆ. ಅಮ್ಮಿಗೆ ಇದು ಅನುಕೂಲ. ಈ ವರ್ಷ ಬಿಟ್ಟು ಮಾತ್ರೆ, ಶುಗರ್ ಎಲ್ಲ ಸರಿಮಾಡಿಕೊಂಡರೆ ಬರುವ ವರ್ಷ ಇನ್ನೂ ಸುಲಭದ ದಿನಗಳಲ್ಲಿ ಇಡಬಹುದು ಎಂದು ಹೇಳಿ. 'ಇನ್ನು ಯಾವತ್ತೂ ಇಲ್ಲ' ಅನ್ನುವುದಕ್ಕಿಂತ 'ಈ ವರ್ಷ ಬೇಡ' ಅನ್ನುವುದನ್ನು ಜನ ಬೇಗ ಒಪ್ಪುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ: ಶುಗರ್ ನೋಡಲು ಅಮ್ಮಿ ಒಪ್ಪದಿದ್ದರೆ ಈ ವರ್ಷ ಬೇಡ. ಒಪ್ಪಿ, ಕಿಡ್ನಿ ಚೆನ್ನಾಗಿದ್ದು, ಮಾತ್ರೆ ಬದಲಾಗಿ, ಶಾಬಾನಿನ ರೋಜಾ ಸಲೀಸಾಗಿ ಹೋದರೆ ದಿನ ಬಿಟ್ಟು ದಿನ ಇಡಲಿ ಅನ್ನುತ್ತೇನೆ. ಮೂವತ್ತೂ ಇಡಲಿ ಅನ್ನುವ ಧೈರ್ಯ ನನಗಿಲ್ಲ.

ರೋಜಾ ಇಲ್ಲದ ದಿನ ಅಮ್ಮಿಯನ್ನು ಮಲಗಲು ಬಿಡಬೇಡಿ. ಸಹರಿಗೆ ಎಬ್ಬಿಸಿ, ಎಲ್ಲರ ಜೊತೆ ಕೂರಿಸಿ. ಖಜೂರ್ ಹಂಚುವ ಕೆಲಸ ಅವರದೇ ಇರಲಿ. ರೋಜಾದಾರರಿಗೆ ಇಫ್ತಾರ್ ಮಾಡಿಸಿದವರಿಗೂ ಅಷ್ಟೇ ಪುಣ್ಯ ಎಂದು ಹದೀಸ್‌ನಲ್ಲಿದೆ. ಓಣಿಯಲ್ಲಿ ಒಬ್ಬೊಬ್ಬರೇ ಇರುವ ಕೆಲಸದ ಹುಡುಗರು ಇದ್ದೇ ಇರುತ್ತಾರೆ, ಅವರ ಇಫ್ತಾರನ್ನು ಅಮ್ಮಿಯ ಕೈಗೆ ಒಪ್ಪಿಸಿ. ಹಗಲಲ್ಲಿ ಅವರು ತಿನ್ನುವಾಗ ಮೊಮ್ಮಕ್ಕಳ ಎದುರು ಅಡಗಿ ತಿನ್ನುವ ಹಾಗೆ ಆಗಬಾರದು. ಅಜ್ಜಿಗೆ ಕಾಯಿಲೆ ಇದೆ, ಅಲ್ಲಾಹನೇ ರಿಯಾಯಿತಿ ಕೊಟ್ಟಿದ್ದಾನೆ ಎಂದು ಮಕ್ಕಳಿಗೆ ಮೊದಲೇ ಹೇಳಿಡಿ.

ಡಾಕ್ಟರ್ ಹತ್ತಿರ ಹೋಗುವಾಗ ಹಳೆಯ ಚೀಟಿಗಳು, ಮಾತ್ರೆಯ ಪಟ್ಟಿಗಳು, ಶುಗರ್ ಮಿಷನ್ ಎಲ್ಲ ತಗೊಂಡು ಹೋಗಿ. ಮಿಷನ್ನಿನ ಸ್ಟ್ರಿಪ್ ಅವಧಿ ಮುಗಿದಿದೆಯಾ ನೋಡಿಕೊಳ್ಳಿ, ಬಹಳ ಮನೆಗಳಲ್ಲಿ ಮುಗಿದಿರುತ್ತದೆ. ಅಮ್ಮಿಯನ್ನು ಮನೆಯಲ್ಲಿ ಬಿಟ್ಟು ನೀವು ಮಾತ್ರ ಹೋಗಿ ಬರಬೇಡಿ. 'ನಾನು ರೋಜಾ ಇಡಬೇಕು ಅಂತಿದೀನಿ, ಹೇಗೆ?' ಎಂದು ಅವರೇ ಕೇಳಲಿ.